ತೆಪ್ಪದಾಗ ಕುಂತು ನಿನ್ನ ಹೆಸರ್ಲೆ ಹೇಳಿದ ಸುಳ್ಳು

ಗೆಳೆಯಾ,

ಫೋನಿನಾಗ ಹೇಳಾಕ ಆಗ್ಲಿಲ್ಲ, ಅದಕ್ಕ ನಾಲ್ಕು ಮಂದಿ ಓದೋವಲ್ಲೇ ಬರಿಯಾಕತ್ತೀನಿ. ಮಿರ್ಚಿ ಅಂಗಡಿ ವಿಷ್ಯಾ ಎತ್ತಾಂಗಿಲ್ಲ, ಹೆದರಬ್ಯಾಡ.

ಮೊನ್ನೆ ರವಿವಾರ ನಮ್ಮ ಗಂಗಾವತಿ ಹತ್ರದ ಸಣಾಪುರ ಕೆರಿಗೆ ಒಬ್ಬನ ಹೋಗಿದ್ದೆ. ಬುಟ್ಟಿಯಂಗ ದುಂಡಗಿರೋ ತೆಪ್ಪ ತಾಸಿನ ಲೆಕ್ಕಕ್ಕ ಸಿಗ್ತಾವು, ನಾ ಇಡೀ ದಿನಕ್ಕ ಹಿಡದೆ. ರೊಟ್ಟಿ, ಶೇಂಗಾ ಹಿಂಡಿ ಕಟಗೊಂಡು ಹೋಗಿದ್ದೆ. ಸುತ್ತ ಬರೇ ಕಲ್ಲುಗುಂಡು, ನಡುವ ತುಂಗಭದ್ರಾ ಡ್ಯಾಮಿನ ಎಡದಂಡಿ ಕಾಲುವಿ ನೀರು. ಬಿಸಲಿಗೆ ತೆಪ್ಪದ ಡಾಂಬರು ಘಂ ಅಂತಿತ್ತು. ಹಿಂದಕ್ಕ ಬಿದಿರಿನ ಮ್ಯಾಲ ಚರ್ಮ ಹೊದಸ್ತಿದ್ರಂತ. 1520ರ ಸುಮಾರಿಗೆ ವಿಜಯನಗರಕ್ಕ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಆನೆಗೊಂದಿಗೆ ದಾಟೋ ತೆಪ್ಪ ನೋಡಿ, ಇವು ಸೀದಾ ಹೋಗಾಂಗಿಲ್ಲ, ತಿರುಗೂತ ಇರ್ತಾವು ಅಂತ ಬರದಾನ. ಹುಟ್ಟು ಇಸಗೊಂಡು ನಾನೂ ನೋಡಿದೆ. ಮುಂದ ಕುಂತು ನೀರಾಗ ಎಂಟರ ಆಕಾರ ಬರದ್ರಷ್ಟ ಅದು ಮುಂದ ಹೋಗ್ತೈತಿ. ನಾ ಬರದದ್ದು ಬರೇ ಸೊನ್ನಿ ಆತು.

ತೆಪ್ಪದಂವ ಕೇಳಿದ, "ಯಾವೂರ್ರಿ ಸರ?" ಯಾಕೋ ಏನೋ, ಬಾಯಿಗೆ "ಬೆಂಗಳೂರು, ಜಯನಗರ" ಅಂತ ಬಂತು. ನಿನ್ನ ವಿಳಾಸ!

ಅಲ್ಲಿಂದ ಅಂವ ನನಗ ನನ್ನೂರು ತೋರ್ಸಾಕ ಶುರು ಮಾಡಿದ. ಅಂಜನಾದ್ರಿಗೆ 575 ಮೆಟ್ಲ ಅಂದ. ಹೊಳ್ಯಾಗ ನೀರುನಾಯಿ ಅದಾವು, ಸರಕಾರದವ್ರು 2015ರಾಗ ಅವುಕ್ಕಂತ ಮೀಸಲು ಜಾಗಾ ಮಾಡ್ಯಾರ ಅಂದ. "ಹೌದಾ!" ಅಂತ ಕಣ್ಣು ಅರಳಿಸಿದೆ. ಖರೇ ಹೇಳ್ತೀನಿ, ಭಾಳ ಸುಖ ಅನ್ನಿಸ್ತು. ಊರಾಗ ನನ್ನ ಯಾರೂ ಏನೂ ಕೇಳಾಂಗಿಲ್ಲ. ಎಲ್ಲಾರಿಗೂ ಗೊತ್ತು, ಇಂವ ಇಲ್ಲೇ ಉಳದಂವ ಅಂತ.

ಮಧ್ಯಾಹ್ನ ರೊಟ್ಟಿ ತಿಂದು ಅಡ್ಡಾಗಿದ್ದೆ. ನಿನ್ನ ಮ್ಯಾಲ ಸಿಟ್ಟೈತಿ ಅಂತ ಆವಾಗ ಗೊತ್ತಾತು ನೋಡು. 2024ರ ಆಗಸ್ಟಿನಾಗ ಡ್ಯಾಮಿನ 19ನೇ ಗೇಟು ಕೊಚ್ಚಿಹೋದಾಗ ಟಿವಿ ನೋಡಿ ಫೋನ್ ಮಾಡಿದ್ದಿ, "ಊರು ಹೆಂಗೈತಿ?" ಅಂತ. ನಾ ಹೆಂಗದೀನಿ ಅಂತ ಕೇಳಲಿಲ್ಲ. ನಿಮ್ಮಪ್ಪಾಜಿಗೆ ಬಿಪಿ ಗುಳಿಗಿ ತಂದುಕೊಡಾಂವ ನಾನು, ಗುಂಡಿನ ಫೋಟೋಕ್ಕ "ನನ್ನೂರು" ಅಂತ ಬರದು ಸ್ಟೇಟಸ್ ಹಾಕಾಂವ ನೀನು. ದೀಪಾವಳಿಗೆ ಬಂದು "ಇಲ್ಲಿ ಏನೂ ಬದಲಾಗಿಲ್ಲಲೇ" ಅಂತ ನಗ್ತಿ. ಅದು ನನಗ ಅಂದಂಗ ಕೇಳಿಸ್ತೈತಿ. ನಿನಗ ಬೆಂಗಳೂರಿನ ನೌಕರಿ ಬಂದಾಗ ಸ್ವೀಟು ಹಂಚಿದಂವ ನಾನ. ಆ ರಾತ್ರಿ ನಿದ್ದಿ ಹತ್ತಿರಲಿಲ್ಲ, ಖುಷಿಗಲ್ಲ.

ಇಷ್ಟು ಬರಿಬೇಕಂತ ಇರಲಿಲ್ಲ. ಬಿಸಲಿಗೆ ತಲಿ ಕಾದಿತ್ತು ಅನ್ಕೋ. ಅಪ್ಪಾಜಿಗೆ ಇದನ್ನ ತೋರಿಸಬ್ಯಾಡ, ಅವರು ಗುಳಿಗಿ ತಗೊಳ್ಳೋದ ಬಿಟ್ಟಾರು.

ಸಂಜಿಗೆ ದಂಡಿಗೆ ಬಂದು ರೊಕ್ಕ ಕೊಡಾಕ ಹೋದ್ರ, ತೆಪ್ಪದಂವ ಬೆಂಗಳೂರಿನವರ ರೇಟು ಹೇಳಿದ. "ಏ ತಮ್ಮಾ, ನಾ ಗಂಗಾವತಿಯಂವಪಾ!" ಅಂದೆ. "ಎಲ್ಲಾರೂ ರೊಕ್ಕ ಕೊಡೋಮುಂದ ಹಂಗ ಅಂತಾರ್ರಿ ಸರ" ಅಂದ. ಆಧಾರ್ ಕಾರ್ಡು ಮನ್ಯಾಗಿತ್ತು. ಪೂರಾ ತೆತ್ತು ಬಂದೀನಿ. ವಿಳಾಸ ನಿಂದು, ಅರ್ಧ ನೀ ಕಳಸು.

ನಿನ್ನ
ಸೊನ್ನಿ ಸುತ್ತಾಂವ