ಶರಾವತಿ ಹಿನ್ನೀರಿನಲ್ಲಿ ತೆಪ್ಪ ಮಗುಚಿದ ಮೇಲೆ ಅಕ್ಕನ ಮಗನಾದ ಅಳಿಯನಿಗೆ ಬರೆದದ್ದು

ಚಿ. ಅಳಿಯನಿಗೆ ಮಾವನ ಆಶೀರ್ವಾದಗಳು.

ಅಕ್ಕ ಫೋನಿನಲ್ಲಿ ತನಗೆ ಗೊತ್ತಿದ್ದಷ್ಟು ಹೇಳಿದಳು, ಉಳಿದದ್ದು ನಿನ್ನ ಗೆಳೆಯನಿಂದ ಗೊತ್ತಾಯಿತು. ಬೈಯುವ ಕೆಲಸವನ್ನು ಅವಳೂ ಭಾವನೂ ಆಗಲೇ ಮುಗಿಸಿದ್ದಾರೆ, ನಾನು ಮತ್ತೆ ಶುರು ಮಾಡುವುದಿಲ್ಲ. ನಾಲ್ಕೂ ಜನ ಜೀವಸಹಿತ ದಡ ಸೇರಿದಿರಿ. ಅದಕ್ಕೆ ನಿಮ್ಮನ್ನು ದಡ ಸೇರಿಸಿದ ಆ ತೆಪ್ಪದವರಿಗೆ ಕೈಮುಗಿಯಬೇಕು. ಆದರೆ ನೀನು ಅಮ್ಮನ ಹತ್ತಿರ "ಗಾಳಿ ಜೋರಾಯ್ತು, ತೆಪ್ಪ ಮಗುಚ್ತು" ಎಂದೆಯಂತೆ. ಆ ಮಾತಿನಲ್ಲೇ ನಿಂತರೆ ಮುಂದಿನ ಸಲವೂ ಹೀಗೇ ಆಗುತ್ತದೆ. ಅದಕ್ಕೇ ಈ ಪತ್ರ.

ಗಾಳಿ ಬಂದದ್ದು ನಿಜ. ಮೇ ತಿಂಗಳಲ್ಲಿ ಹಿನ್ನೀರಿನ ಮೇಲೆ ಮಧ್ಯಾಹ್ನ ಕಳೆದ ಮೇಲೆ ಗಾಳಿ ಏಳುವುದು ಹೊಸ ಸಂಗತಿಯಲ್ಲ. ಬೆಳಿಗ್ಗೆ ಕನ್ನಡಿಯಂತಿದ್ದ ನೀರು ಎರಡು ಗಂಟೆ ಹೊತ್ತಿಗೆ ಮೊಳದುದ್ದದ ಅಲೆ ಎಬ್ಬಿಸುತ್ತದೆ, ಹಿಂದೆಯೇ ಗುಡುಗು. ಅಲ್ಲಿ ಮೀನು ಹಿಡಿದು ಬದುಕುವವರು ಬೆಳಕು ಹರಿಯುವ ಮುಂಚೆ ಇಳಿದು, ಬಿಸಿಲೇರುವಷ್ಟರಲ್ಲಿ ದಡಕ್ಕೆ ಬಂದುಬಿಡುತ್ತಾರೆ. ನೀವು ಇಳಿದದ್ದು ಹನ್ನೊಂದಕ್ಕೆ. ಆ ಹೊತ್ತಿಗೆ ಮೀನು ಆಳಕ್ಕೆ ಹೋಗಿರುತ್ತದೆ, ಬೆಂಡು ಅಲ್ಲಾಡುವುದಿಲ್ಲ. ಗಾಳ ಹಾಕುವುದೆಂದರೆ ಮುಕ್ಕಾಲು ಪಾಲು ಕಾಯುವ ಕೆಲಸ. ಕಾಯಲು ಬರದವರು ಆ ಹೊತ್ತನ್ನು ಬಾಟಲಿಯಿಂದ ತುಂಬುತ್ತಾರೆ. ನಿಮ್ಮ ತೆಪ್ಪ ಮಗುಚಲು ಶುರುವಾದದ್ದು ಅಲ್ಲಿ, ಗಾಳಿ ಏಳುವುದಕ್ಕೆ ಮೂರು ಗಂಟೆ ಮೊದಲೇ.

ನಂತರ ಏನೇನಾಯಿತು ಎಂದು ಒಂದೊಂದಾಗಿ ನೋಡು. ಬಿಯರ್ ಕುಡಿದರೆ ಮೂತ್ರ ಹೆಚ್ಚಾಗುತ್ತದೆ. ಕುಡಿದಷ್ಟು ನೀರು ಹೊರಬರುವುದು ಒಂದು ಕಡೆಯಾದರೆ, ದೇಹ ನೀರನ್ನು ಹಿಡಿದಿಟ್ಟುಕೊಳ್ಳುವಂತೆ ನೋಡಿಕೊಳ್ಳುವ ಹಾರ್ಮೋನನ್ನು ಮದ್ಯ ತಡೆಯುವುದು ಇನ್ನೊಂದು ಕಡೆ. ಅರ್ಧ ಗಂಟೆಗೊಮ್ಮೆ ಒಬ್ಬನಿಗಲ್ಲ ಒಬ್ಬನಿಗೆ ಎದ್ದು ನಿಲ್ಲಬೇಕಾಗುತ್ತದೆ. ತೆಪ್ಪಕ್ಕೆ ದೋಣಿಯ ಹಾಗೆ ಕೆಳಗೆ ಏಣು ಇಲ್ಲ, ಮುಂದು ಹಿಂದು ಇಲ್ಲ. ಅದೊಂದು ದೊಡ್ಡ ಬುಟ್ಟಿ. ಎಲ್ಲರೂ ತಳದಲ್ಲಿ ಚಕ್ಕಳಮಕ್ಕಳ ಹಾಕಿ ಕೂತಿರುವಾಗ ಭಾರ ಕೆಳಗಿದ್ದು ಅದು ಅಲೆಯನ್ನೂ ತಾಳಿಕೊಳ್ಳುತ್ತದೆ. ಒಬ್ಬ ಎದ್ದು ಅಂಚಿಗೆ ಹೋಗಿ ನಿಂತನೋ, ಭಾರವೆಲ್ಲ ಮೇಲೆದ್ದು ಒಂದೇ ಕಡೆಗೆ ವಾಲುತ್ತದೆ. ಉಳಿದವರು ಆ ಕ್ಷಣವೇ ಎದುರು ಬದಿಗೆ ಜರುಗಬೇಕು. ಕುಡಿದವರಿಗೆ ಆ ಕ್ಷಣ ತಪ್ಪಿಹೋಗುತ್ತದೆ, ಇಲ್ಲವೇ ಗಾಬರಿಯಿಂದ ಎಲ್ಲರೂ ಅದೇ ಬದಿಗೆ ಕೈಚಾಚುತ್ತಾರೆ. ನಿಮ್ಮಲ್ಲಿ ಆದದ್ದು ಇದೇ ಎಂದು ನಿನ್ನ ಗೆಳೆಯನೇ ಹೇಳಿದ್ದಾನೆ. ಎರಡು ಮೀಟರ್ ಅಗಲದ ತೆಪ್ಪಕ್ಕೆ ಇಬ್ಬರು, ಬಲೆಯಿಲ್ಲದಿದ್ದರೆ ಮೂವರು. ನೀವು ನಾಲ್ವರು, ಜೊತೆಗೆ ಐಸ್ ಪೆಟ್ಟಿಗೆ.

ನೀನು ಈಜುಕೊಳದಲ್ಲಿ ಚೆನ್ನಾಗಿ ಈಜುತ್ತೀಯ. ಹಾಗಿದ್ದೂ "ಮೇಲೆ ಯಾವುದು ಕೆಳಗೆ ಯಾವುದು ಗೊತ್ತಾಗಲಿಲ್ಲ" ಎಂದೆಯಂತಲ್ಲ, ಆ ಮಾತು ಕೇಳಿ ನನ್ನ ಎದೆ ಧಸಕ್ಕೆಂದಿತು. ಅದಕ್ಕೂ ಕಾರಣವಿದೆ. ದೇಹದ ಸಮತೋಲ ಹೇಳುವ ಅಂಗ ಇರುವುದು ಒಳಕಿವಿಯಲ್ಲಿ. ಮದ್ಯ ಅಲ್ಲಿಗೂ ಇಳಿದು ಅದರ ಲೆಕ್ಕ ತಪ್ಪಿಸುತ್ತದೆ. ಕುಡಿದು ಮಲಗಿದವನಿಗೆ ಮಂಚ ತಿರುಗಿದಂತೆ ಆಗುವುದು ಇದರಿಂದಲೇ. ನೆಲದ ಮೇಲಿದ್ದಾಗ ಕಣ್ಣು ನೋಡಿ ಸರಿಪಡಿಸಿಕೊಳ್ಳುತ್ತದೆ. ಕದಡಿದ ನೀರಿನಲ್ಲಿ ಕಣ್ಣಿಗೂ ಏನೂ ಕಾಣುವುದಿಲ್ಲ, ಹಾಗಾಗಿ ಮೇಲಕ್ಕೆಂದುಕೊಂಡು ಕೆಳಕ್ಕೆ ಈಜುತ್ತಾರೆ. ಎಂದಾದರೂ ಹಾಗಾದರೆ ಬಾಯಿಂದ ಸ್ವಲ್ಪ ಉಸಿರು ಬಿಡು, ಗುಳ್ಳೆ ಹೋದ ದಿಕ್ಕೇ ಮೇಲೆ. ಅಷ್ಟು ಯೋಚಿಸಲು ತಲೆ ನೆಟ್ಟಗಿರಬೇಕು ಎನ್ನುವುದೇ ತೊಡಕು. ಅಲ್ಲದೆ ನೀರು ಗಂಟಲಿಗೆ ಇಳಿಯದಂತೆ ತಟ್ಟನೆ ಮುಚ್ಚುವ, ಕೆಮ್ಮುವ ಶಕ್ತಿಯೂ ಕುಡಿದವನಲ್ಲಿ ಮಂಕಾಗಿರುತ್ತದೆ.

ನೀವು ಇಳಿದದ್ದು ಕೆರೆಯಲ್ಲ ಎನ್ನುವುದನ್ನೂ ತಿಳಿದುಕೋ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಎದ್ದಾಗ ಊರು, ಗದ್ದೆ, ತೋಟ, ಕಾಡು ಎಲ್ಲ ಇದ್ದ ಹಾಗೇ ನೀರಿನಡಿ ಹೋದ ಮುಳುಗಡೆಯ ನೆಲ ಅದು. ಅದಕ್ಕಿಂತ ಹಿಂದೆ, 1948ರಲ್ಲಿ ಕಟ್ಟಿದ್ದ ಹಿರೇಭಾಸ್ಕರ ಅಣೆಕಟ್ಟೂ ಅದರೊಳಗೇ ಇದೆ. ನೀರು ತೀರ ಇಳಿದ ಬೇಸಿಗೆಯಲ್ಲಿ ತಲೆ ಎತ್ತುತ್ತದೆ. ಜಲಾಶಯ ತುಂಬಿದಾಗ ನೀರಿನ ಮಟ್ಟ ಸಮುದ್ರಮಟ್ಟದಿಂದ 1819 ಅಡಿ. ಮೇ ತಿಂಗಳಿಗೆ ಅದು ಎಷ್ಟೋ ಅಡಿ ಕೆಳಗಿಳಿದಿರುತ್ತದೆ, ಆಗಲೇ ಅಪಾಯ ಜಾಸ್ತಿ. ಮಳೆಗಾಲದಲ್ಲಿ ಆಳದಲ್ಲಿದ್ದ ಮರದ ಬೊಡ್ಡೆಗಳು ಈಗ ಗೇಣುದ್ದ ನೀರಿನ ಕೆಳಗೆ ಮೊನೆಯಾಗಿ ನಿಂತಿರುತ್ತವೆ. ಮೊಣಕಾಲುದ್ದ ನೀರಿದೆಯೆಂದು ನಡೆಯುತ್ತಿದ್ದವನ ಕಾಲು ಹಳೆಯ ಬಾವಿಗೋ ಗದ್ದೆಯ ಅಗಳಿಗೋ ಇಳಿದರೆ ಒಂದೇ ಹೆಜ್ಜೆಯಲ್ಲಿ ತಲೆ ಮುಳುಗುತ್ತದೆ. ದಡದ ಕೆಸರು ಮೇಲೆ ಒಣಗಿ ಬಿರುಕು ಬಿಟ್ಟಿರುತ್ತದೆ, ಅಡಿಯಲ್ಲಿ ಸೊಂಟದವರೆಗೆ ಹೂಳು. ಕಾಲಿಡುವ ಮುಂಚೆ ಬಿದಿರು ಕೋಲಿನಿಂದ ಚುಚ್ಚಿ ನೋಡಬೇಕು. ಹೂತರೆ ಎದ್ದು ನಿಲ್ಲಲು ಒದ್ದಾಡದೆ ಹಿಂದಕ್ಕೆ ಮಲಗಿ, ಒಂದೊಂದೇ ಕಾಲನ್ನು ನಿಧಾನ ಬಿಡಿಸಿಕೊಳ್ಳಬೇಕು.

ನಿನ್ನ ಗೆಳೆಯನ ಕಾಲಿಗೆ ಸುತ್ತಿಕೊಂಡದ್ದು ಯಾರೋ ಸಂಜೆಗೆಂದು ಕಟ್ಟಿಟ್ಟ ಬಲೆ. ಸಾಲಾಗಿ ತೇಲುವ ಥರ್ಮೋಕೋಲ್ ಚೂರು, ಖಾಲಿ ಬಾಟಲಿ ಕಂಡರೆ ಅದರ ಕೆಳಗೆ ಬಲೆ ಇದೆ ಎಂದರ್ಥ, ಅತ್ತ ಹೋಗಲೇಬಾರದು. ನೈಲಾನ್ ಎಳೆ ಎಳೆದಷ್ಟೂ ಬಿಗಿಯುತ್ತದೆ. ಸೊಂಟಕ್ಕೆ ಒಂದು ಚಿಕ್ಕ ಚಾಕು ಕಟ್ಟಿಕೊಂಡಿದ್ದರೆ ಎರಡೇ ಎಳೆ ಕೊಯ್ದು ಬಿಡಿಸಿಕೊಳ್ಳಬಹುದಿತ್ತು. ಬೀಸುಬಲೆ ಕಲಿಯಬೇಕು ಎಂದು ನೀನು ಹೇಳುತ್ತಿದ್ದೆಯಲ್ಲ, ಅದರ ಹಗ್ಗದ ಕುಣಿಕೆಯನ್ನು ಮಣಿಕಟ್ಟಿಗೆ ಹಾಕಿ ಎಸೆಯುತ್ತಾರೆ. ಕುಣಿಕೆ ಕೈ ಮಡಿಸಿದರೆ ಜಾರುವಷ್ಟು ಸಡಿಲ ಇರಬೇಕು. ಸೀಸದ ಗುಂಡು ಪೋಣಿಸಿದ ಬಲೆ ಬೊಡ್ಡೆಗೆ ಸಿಕ್ಕಿದರೆ, ಅಮಲಿನಲ್ಲಿ ತೂರಾಡುವವನನ್ನು ಅದೇ ಎಳೆದುಕೊಂಡು ಹೋಗುತ್ತದೆ.

ಈಗ ಲೆಕ್ಕದ ಮಾತು, ನೀನು ಲೆಕ್ಕ ಓದಿದವನು. ಒಂದು ಕ್ವಾರ್ಟರ್ 180 ಎಂಎಲ್, ಲೇಬಲ್ ಮೇಲೆ 42.8 ಪರ್ಸೆಂಟ್. ಅಂದರೆ 77 ಎಂಎಲ್ ಶುದ್ಧ ಆಲ್ಕೋಹಾಲ್, ತೂಕದಲ್ಲಿ ಸುಮಾರು 60 ಗ್ರಾಂ. 8 ಪರ್ಸೆಂಟಿನ ಸ್ಟ್ರಾಂಗ್ ಬಿಯರ್ 650 ಎಂಎಲ್ ಬಾಟಲಿಯಲ್ಲಿ ಸುಮಾರು 40 ಗ್ರಾಂ. ಬಿಯರ್ ಅಷ್ಟೇ ತಾನೇ ಎನ್ನುವವರು ಇದನ್ನು ನೋಡಬೇಕು. ಸಾಮಾನ್ಯ ಮೈಕಟ್ಟಿನವನ ಯಕೃತ್ತು ಗಂಟೆಗೆ ಏಳೆಂಟು ಗ್ರಾಂ ಕರಗಿಸುತ್ತದೆ, ಹೆಚ್ಚೆಂದರೆ ಹತ್ತು. ಕಾಫಿ, ಲಿಂಬು, ಮಜ್ಜಿಗೆ, ತಣ್ಣೀರು ಸ್ನಾನ ಯಾವುದೂ ಆ ವೇಗ ಹೆಚ್ಚಿಸುವುದಿಲ್ಲ. ರಾತ್ರಿ ಹನ್ನೊಂದಕ್ಕೆ ಒಂದು ಕ್ವಾರ್ಟರ್ ಮುಗಿಸಿ ಮಲಗಿದವನ ರಕ್ತದಲ್ಲಿ ಬೆಳಿಗ್ಗೆ ಐದೂವರೆಗೆ ತೆಪ್ಪ ಹತ್ತುವಾಗಲೂ ಅದು ಉಳಿದಿರಬಹುದು. ಆದ್ದರಿಂದ "ನೀರಿನ ಮೇಲೆ ಕುಡಿಯುವುದಿಲ್ಲ, ಹಿಂದಿನ ರಾತ್ರಿ ಮಾತ್ರ" ಎನ್ನುವ ಒಪ್ಪಂದವೂ ಬೇಡ. "ಒಬ್ಬ ಕುಡಿಯದೆ ಇರುತ್ತಾನೆ" ಎನ್ನುವುದೂ ಬೇಡ; ಮಗುಚಿದ ಮೇಲೆ ಕೊರಳಿಗೆ ಜೋತುಬೀಳುವ ಮೂವರನ್ನು ಆ ಒಬ್ಬ ಹೇಗೆ ಎಳೆದು ತಂದಾನು? ಕುಡಿದು ವಾಪಸ್ ಕಾರು ಓಡಿಸುವುದಂತೂ ಕೂಡದೇ ಕೂಡದು. 100 ಎಂಎಲ್ ರಕ್ತಕ್ಕೆ 30 ಮಿಲಿಗ್ರಾಂ ದಾಟಿದರೆ ಕಾನೂನಿನ ಪ್ರಕಾರ ಅಪರಾಧ, ಮತ್ತೆ ಆ ಘಟ್ಟದ ತಿರುವುಗಳು ನಿನಗೆ ಗೊತ್ತೇ ಇವೆ.

ಗಾಳ ಅಂಗೈಗೆ ಚುಚ್ಚಿದಾಗ ಹಿಂದಕ್ಕೆ ಜಗ್ಗಿ ತೆಗೆದಿರಂತೆ. ಗಾಳದ ಮೊನೆಯ ಹಿಂದೆ ಕಿರುಮುಳ್ಳು ಇರುವುದೇ ಹಿಂದಕ್ಕೆ ಬರದಿರಲಿ ಎಂದು; ಜಗ್ಗಿದರೆ ಮಾಂಸ ಹರಿಯುತ್ತದೆ. ಆಳಕ್ಕೆ ಹೋಗಿದ್ದರೆ ದಾರ ಕತ್ತರಿಸಿ, ಅಲ್ಲಾಡದಂತೆ ಬಟ್ಟೆ ಸುತ್ತಿ ಡಾಕ್ಟರ ಹತ್ತಿರ ಹೋಗಬೇಕು. ಅವರು ಮರಗಟ್ಟಿಸಿ, ಮೊನೆಯನ್ನು ಮುಂದಕ್ಕೆ ದೂಡಿ ಹೊರಬರಿಸಿ, ಮುಳ್ಳು ಕತ್ತರಿಸಿ ಉಳಿದದ್ದನ್ನು ಹಿಂದಕ್ಕೆ ತೆಗೆಯುತ್ತಾರೆ. ಕಣ್ಣಿನ ಹತ್ತಿರವಾದರೆ ಮುಟ್ಟಲೇಬಾರದು. ಟಿಟಿ ಇಂಜೆಕ್ಷನ್ ಆಗಿದೆಯೋ ಕೇಳು. ಇನ್ನು ಮೇಲೆ ಇಕ್ಕಳದಲ್ಲಿ ಕಿರುಮುಳ್ಳನ್ನು ಒತ್ತಿ ಚಪ್ಪಟೆ ಮಾಡಿಯೇ ಗಾಳ ಕಟ್ಟು; ದಾರ ಸಡಿಲ ಬಿಡದಿದ್ದರೆ ಮೀನೇನೂ ತಪ್ಪಿಸಿಕೊಳ್ಳುವುದಿಲ್ಲ. ಚೇಳುಮೀನಿನ ಮುಳ್ಳು ಚುಚ್ಚಿದರೆ ತಾಳುವಷ್ಟು ಬಿಸಿಯಾದ ನೀರಿನಲ್ಲಿ ಅರ್ಧದಿಂದ ಒಂದು ಗಂಟೆ ಕೈಯಿಟ್ಟರೆ ಉರಿ ಇಳಿಯುತ್ತದೆ. ನೀರಿನ ಬಿಸಿಯನ್ನು ಚುಚ್ಚದ ಕೈಯಿಂದ ನೋಡಬೇಕು, ಅದೂ ಕುಡಿಯದವನು ನೋಡಬೇಕು, ಇಲ್ಲದಿದ್ದರೆ ಚರ್ಮ ಸುಡುತ್ತದೆ.

ಎಲ್ಲಕ್ಕಿಂತ ಮುಖ್ಯವಾದದ್ದು ದಡದ ಮೇಲೆ ನೀವು ಮಾಡಿದ್ದು. ನೀರು ಕುಡಿದವನ ಹೊಟ್ಟೆ ಒತ್ತಿದಿರಿ. ಊರಲ್ಲೂ ಹಾಗೆ ಮಾಡುವವರಿದ್ದಾರೆ, ಹೆಗಲ ಮೇಲೆ ಹಾಕಿ ತಿರುಗಿಸುವವರೂ ಇದ್ದಾರೆ. ಮಾಡಬಾರದು. ಹೊಟ್ಟೆಯೊಳಗಿನ ನೀರು, ಮದ್ಯ, ತಿಂದದ್ದು ಎಲ್ಲ ಮೇಲೆ ಬಂದು ಶ್ವಾಸಕೋಶಕ್ಕೆ ಇಳಿಯುತ್ತದೆ. ಕೂಗಿದರೂ ಉತ್ತರವಿಲ್ಲ, ಉಸಿರೂ ಇಲ್ಲವೆಂದರೆ ಅಂಗಾತ ಮಲಗಿಸಿ, ತಲೆ ಹಿಂದಕ್ಕೆ ಬಾಗಿಸಿ ಗಲ್ಲ ಎತ್ತಬೇಕು. ಮೂಗು ಹಿಡಿದು ಬಾಯಿಗೆ ಬಾಯಿಟ್ಟು ಎದೆ ಏರುವಷ್ಟು ಐದು ಉಸಿರು ಕೊಡಬೇಕು. ಮುಳುಗಿದವನಿಗೆ ಮೊದಲು ಬೇಕಾದದ್ದು ಗಾಳಿ. ಆಮೇಲೆ ಎದೆಯ ನಡುವೆ ಅಂಗೈ ಬುಡ ಇಟ್ಟು 30 ಸಲ ಒತ್ತು, ಮತ್ತೆ ಎರಡು ಉಸಿರು. ಒತ್ತು ಐದರಿಂದ ಆರು ಸೆಂಟಿಮೀಟರ್ ಇಳಿಯಬೇಕು, ವೇಗ ನಿಮಿಷಕ್ಕೆ 100ರಿಂದ 120. ಸಹಾಯ ಬರುವವರೆಗೆ ಬಿಡಬಾರದು. ಉಸಿರಿದೆ, ಎಚ್ಚರವಿಲ್ಲ ಎಂದಾದರೆ ಮಗ್ಗುಲಿಗೆ ಮಲಗಿಸಿ, ಬಾಯಿ ಕೆಳಮುಖ ಇರಲಿ. ಕುಡಿದವನು ವಾಂತಿ ಮಾಡಿಯೇ ಮಾಡುತ್ತಾನೆ. ಅಷ್ಟರಲ್ಲಿ ಇನ್ನೊಬ್ಬ 108ಕ್ಕೆ ಫೋನ್ ಮಾಡಬೇಕು. ಹಿನ್ನೀರಿನ ಎಷ್ಟೋ ಕಡೆ ಸಿಗ್ನಲ್ ಇಲ್ಲ, ಎಲ್ಲಿ ಸಿಗುತ್ತದೆ ಎಂದು ಇಳಿಯುವ ಮುಂಚೆಯೇ ನೋಡಿಟ್ಟುಕೊಂಡಿರಬೇಕು. ಎದ್ದು ಕೂತು ಮಾತಾಡಿದರೂ ಆಸ್ಪತ್ರೆಗೆ ಕರೆದುಕೊಂಡು ಹೋಗಲೇಬೇಕು, ಶ್ವಾಸಕೋಶಕ್ಕೆ ನೀರು ಹೋಗಿದ್ದರೆ ಕೆಲವು ಗಂಟೆಗಳ ಮೇಲೂ ಉಸಿರು ಕೆಡುತ್ತದೆ. ನಿನ್ನ ಗೆಳೆಯನಿಗೆ ಆದದ್ದು ಹಾಗೇ ಅಲ್ಲವೇ? ಅವನು ಎಷ್ಟು ಕುಡಿದಿದ್ದ, ಎಷ್ಟು ಹೊತ್ತು ನೀರಿನಡಿ ಇದ್ದ ಎಂದು ಡಾಕ್ಟರಿಗೆ ಮುಚ್ಚಿಟ್ಟಿದ್ದರೆ ಇವತ್ತೇ ಹೋಗಿ ಹೇಳು. ಔಷಧಿ ಕೊಡುವುದು ಅದನ್ನು ನೋಡಿಕೊಂಡು.

ನೀರಿಗೆ ಬಿದ್ದವನನ್ನು ನೋಡಿ ನೀನು ಜಿಗಿದೆಯಂತೆ. ನಿನ್ನ ಮನಸ್ಸು ದೊಡ್ಡದು, ನನಗೆ ಗೊತ್ತು. ಆದರೂ ಮೊದಲು ಕೂಗು, ಆಮೇಲೆ ಹುಟ್ಟನ್ನೋ ಕೋಲನ್ನೋ ಚಾಚು, ಎಟುಕದಿದ್ದರೆ ಎಸೆ. ಐದು ಲೀಟರಿನ ಖಾಲಿ ಕ್ಯಾನಿನ ಮುಚ್ಚಳ ಬಿಗಿದು ಹತ್ತು ಹನ್ನೆರಡು ಮೀಟರ್ ಹಗ್ಗ ಕಟ್ಟಿಟ್ಟರೆ, ಅದು ಒಬ್ಬನ ತಲೆ ನೀರಿನ ಮೇಲೆ ನಿಲ್ಲಿಸುತ್ತದೆ. ಮಗುಚಿದ ತೆಪ್ಪವನ್ನು ಬಿಟ್ಟು ದಡಕ್ಕೆ ಈಜಬಾರದು. ಬಿದಿರಿನದಾದರೆ ಅದು ತೇಲುತ್ತದೆ, ಅದನ್ನೇ ಹಿಡಿದಿರಬೇಕು. ದೂರದಿಂದ ನೋಡುವವರಿಗೂ ತಲೆಗಿಂತ ತೆಪ್ಪ ಬೇಗ ಕಾಣುತ್ತದೆ.

ಇನ್ನೊಂದು ಮಾತು, ಇದನ್ನು ನಾನು ಕಟ್ಟುನಿಟ್ಟಾಗಿಯೇ ಹೇಳುತ್ತೇನೆ. ಆ ತೆಪ್ಪ ದಡದಲ್ಲಿ ಕವುಚಿಟ್ಟಿತ್ತು ಎಂದು ಕೇಳದೆ ತೆಗೆದುಕೊಂಡಿರಿ. ಅದು ಒಂದು ಮನೆಯ ಅನ್ನ. ಹರಿದ ಬಲೆ ಇನ್ನೊಂದು ಮನೆಯದು. ನಾಲ್ವರೂ ಹೋಗಿ, ತಪ್ಪಾಯಿತೆಂದು ಹೇಳಿ, ಅವರು ಹೇಳಿದಷ್ಟು ದುಡ್ಡು ಚೌಕಾಸಿ ಮಾಡದೆ ಕೊಟ್ಟು ಬನ್ನಿ. ಕೆಲಸವಿಲ್ಲದೆ ಕೂತ ದಿನಗಳ ಕೂಲಿಯನ್ನೂ ಸೇರಿಸಿ. ಒಡೆದ ಬಾಟಲಿ ದಡದಲ್ಲಿ ಬಿಟ್ಟಿದ್ದರೆ ಆರಿಸಿ ತನ್ನಿ, ಅಲ್ಲಿ ಬರಿಗಾಲಲ್ಲಿ ಓಡಾಡುವವರೇ ಎಲ್ಲ.

ಗಾಳ ಬಿಟ್ಟುಬಿಡು ಎಂದು ನಾನು ಹೇಳುವುದಿಲ್ಲ. ಡಿಸೆಂಬರಿನಲ್ಲಿ ಬಾ. ಗುಡುಗು ಸಿಡಿಲಿನ ಕಾಟ ಇರುವುದಿಲ್ಲ, ಬೆಳಗಿನ ನೀರು ಅಲ್ಲಾಡುವುದಿಲ್ಲ. ತೆಪ್ಪಕ್ಕಿಂತ ದಡವೇ ಒಳ್ಳೆಯದು; ಎರಡು ಬೊಡ್ಡೆಗಳ ನಡುವಿನ ಬಯಲು ನೀರಿಗೆ ಹಾಕಿದರೆ ಸಾಕು. ಎರೆಹುಳು ತೋಟದಿಂದ ನಾನು ತೆಗೆದಿಡುತ್ತೇನೆ, ಗೋಧಿ ಹಿಟ್ಟಿನ ಉಂಡೆಗೆ ಸ್ವಲ್ಪ ಹಿಂಡಿ ಕಲಸಿದರೆ ಗೆಂಡೆ ಬರುತ್ತದೆ. ನೀರಿಗೆ ಇಳಿಯಲೇಬೇಕೆಂದಿದ್ದರೆ ತಲೆಗೊಂದು ಲೈಫ್ ಜಾಕೆಟ್ ತಾ, ಮೈತೂಕ ನೋಡಿ ಕೊಂಡು, ತೊಡೆಸಂದಿಯ ಪಟ್ಟಿಯೂ ಇರುವುದನ್ನೇ ಆರಿಸು. ಇಲ್ಲದಿದ್ದರೆ ನೀರಿಗೆ ಬಿದ್ದಾಗ ಜಾಕೆಟ್ ತಲೆಯ ಮೇಲಿಂದ ಕಳಚುತ್ತದೆ. ಜೀನ್ಸ್ ಬೇಡ, ಗಂಬೂಟ್ ಬೇಡ. ಫ್ಲಾಸ್ಕಿನಲ್ಲಿ ಕಷಾಯ ನಿನ್ನ ಅತ್ತೆ ಹಾಕಿಕೊಡುತ್ತಾಳೆ.

ಅಮ್ಮನಿಗೆ ಬಾಟಲಿಯ ವಿಷಯ ನಾನು ಹೇಳಿಲ್ಲ. ಈ ವಾರದೊಳಗೆ ನೀನೇ ಹೇಳು.

ನಿನ್ನ ಮಾವ