ಶ್ರೀಲಂಕೆಗೆ ಹೋಗಲಿ, ಮೊದಲು ಅಲ್ಲಿಯವರನ್ನು ಕೇಳಲಿ

ಸಂಪಾದಕರಿಗೆ,

ದಾವಣಗೆರೆಯ ಚರ್ಚೊಂದರ ಯುವಕರು ಮೇ ತಿಂಗಳ ಕೊನೆಗೆ, ಚಂಡಮಾರುತದಿಂದ ನೊಂದ ಶ್ರೀಲಂಕೆಗೆ ಸೇವೆಗೆ ಹೊರಟಿರುವ ಸುದ್ದಿ ನಿಮ್ಮ ಪತ್ರಿಕೆಯಲ್ಲಿ ಬಂದಿತ್ತು. ಅದನ್ನು ಓದಿದವರೊಬ್ಬರು ‘ಮನೆಗೆ ಮಾರಿ, ಊರಿಗೆ ಉಪಕಾರಿ’ ಎಂದು ಪತ್ರ ಬರೆದಿದ್ದರು. ಜಗಳೂರಿನಲ್ಲಿ ನೀರಿಗೆ ಪರದಾಟ ಇರುವಾಗ ಸಮುದ್ರ ದಾಟುವುದೇಕೆ ಎಂಬುದು ಅವರ ಪ್ರಶ್ನೆ. ನಾನು ಅದೇ ಚರ್ಚಿನ ಸಭೆಯವಳು, ನರ್ಸ್ ಆಗಿ ಕೆಲಸ ಮಾಡಿ ನಿವೃತ್ತಳಾದವಳು. ಅವರ ಮಾತನ್ನು ನಾನು ಒಪ್ಪುವುದಿಲ್ಲ. ಹಾಗಂತ ನಮ್ಮ ಸಭೆಯ ತಯಾರಿಯನ್ನೂ ಪೂರ್ತಿ ಒಪ್ಪಲಾರೆ.

ಜಗಳೂರಿಗೆ ನೆರವು ಬೇಕು, ನಿಜ. ಆದರೆ ಲಂಕೆಗೆ ಹೋಗದೆ ಉಳಿದ ಹುಡುಗರು ಮರುದಿನವೇ ಜಗಳೂರಿನ ಬಸ್ ಹತ್ತುತ್ತಾರೆ ಎಂದೇನಿಲ್ಲ ಅಲ್ವಾ? ದೂರದ ಮಾತೂ ಹಾಗೆಯೇ. ಬೆಂಗಳೂರಿನಿಂದ ಕೊಲಂಬೊಗೆ ವಿಮಾನದಲ್ಲಿ ಹೋಗಲು, ಇಲ್ಲಿಂದ ಬೆಂಗಳೂರಿಗೆ ರೈಲಿನಲ್ಲಿ ಹೋಗುವಷ್ಟು ಹೊತ್ತೂ ಬೇಡ.

2025ರ ನವೆಂಬರ್ 28ರಂದು ದಿತ್ವಾ ಚಂಡಮಾರುತ ಶ್ರೀಲಂಕೆಯ ಪೂರ್ವ ಕರಾವಳಿಗೆ ಅಪ್ಪಳಿಸಿತು. ಸತ್ತವರು 600ಕ್ಕೂ ಜಾಸ್ತಿ. ಕ್ಯಾಂಡಿ, ಬದುಲ್ಲಾ, ನುವಾರಾ ಎಲಿಯಾ ಕಡೆ ಗುಡ್ಡಗಳೇ ಜಾರಿದವು. ಅಲ್ಲಿನ ಚಹಾ ತೋಟಗಳಲ್ಲಿ ದುಡಿಯುವವರು ಬಹುಪಾಲು ತಮಿಳರು. ಬ್ರಿಟಿಷರು ಕೂಲಿಗೆಂದು ದಕ್ಷಿಣ ಭಾರತದಿಂದ ಕರೆದೊಯ್ದವರ ಮಕ್ಕಳು, ಮೊಮ್ಮಕ್ಕಳು. 1964ರಲ್ಲಿ ಎರಡೂ ದೇಶಗಳ ಪ್ರಧಾನಿಗಳು ಮಾಡಿಕೊಂಡ ಸಿರಿಮಾವೊ–ಶಾಸ್ತ್ರಿ ಒಪ್ಪಂದದ ಮೇಲೆ ಲಕ್ಷಾಂತರ ಜನ ಭಾರತಕ್ಕೆ ಮರಳಿದರು. ಅವರಲ್ಲಿ ಕೆಲವರಿಗೆ ನಮ್ಮದೇ ಸುಳ್ಯ, ಪುತ್ತೂರಿನ ರಬ್ಬರ್ ತೋಟಗಳಲ್ಲಿ ಕೆಲಸ ಸಿಕ್ಕಿತು. ಇಂಥವರನ್ನು ‘ಯಾರೋ ಪರದೇಶದವರು’ ಎಂದು ತಳ್ಳಿಹಾಕುವುದು ಹೇಗೆ?

ಈಗ ನಮ್ಮ ಸಭೆಯ ವಿಷಯ. ಹುಡುಗರ ಪಟ್ಟಿಯಲ್ಲಿ ಇರುವುದು ಇಷ್ಟು: ಬಟ್ಟೆ ಹಂಚುವುದು, ಶಾಲೆಗೆ ಬಣ್ಣ ಬಳಿಯುವುದು, ಒಂದೆರಡು ಮನೆ ಕಟ್ಟಿಕೊಡುವುದು, ಮೆಡಿಕಲ್ ಕ್ಯಾಂಪ್, ಸಂಜೆ ಹಾಡು ಮತ್ತು ಪ್ರಾರ್ಥನೆ. ಇದರಲ್ಲಿ ಯಾವುದನ್ನು ಅಲ್ಲಿಯವರು ಕೇಳಿದ್ದಾರೆ ಎಂದು ವಿಚಾರಿಸಿದೆ. ಯಾರ ಹತ್ತಿರವೂ ಉತ್ತರ ಇರಲಿಲ್ಲ.

ಮನೆ ಕಟ್ಟುವ ಮಾತು ತೆಗೆದುಕೊಳ್ಳಿ. ತೋಟದ ಕೂಲಿಯವರು ಇರುವುದು ಬ್ರಿಟಿಷರ ಕಾಲದ ಲೈನ್ ಮನೆಗಳಲ್ಲಿ, ಅಂದರೆ ಒಂದಕ್ಕೊಂದು ಅಂಟಿದ ಸಾಲು ಮನೆಗಳಲ್ಲಿ. ಎಷ್ಟೋ ಕುಟುಂಬಗಳಿಗೆ ಕಾಲ ಕೆಳಗಿನ ನೆಲವೇ ಸ್ವಂತದ್ದಲ್ಲ. ಹೊಸ ಮನೆ ಏಳಬೇಕಾದರೆ ಮೊದಲು ಜಾಗ ಸಿಗಬೇಕು. ಆ ಇಳಿಜಾರು ಮತ್ತೆ ಜಾರುತ್ತದೋ ಇಲ್ಲವೋ ಎಂದು ಅಲ್ಲಿನ ಕಟ್ಟಡ ಸಂಶೋಧನಾ ಸಂಸ್ಥೆಯವರು ನೋಡಿ ಹೇಳಬೇಕು. ಇಟ್ಟಿಗೆ ಹೊರಲು ಅಲ್ಲಿ ಆಳುಗಳಿಗೇನೂ ಬರ ಇಲ್ಲ. ಕೆಲಸ ಕಳೆದುಕೊಂಡು ಕೂತವರಿಗೇ ಕೂಲಿ ಕೊಟ್ಟರೆ ಅವರ ಮನೆಯ ಒಲೆಯಾದರೂ ಉರಿಯುತ್ತದೆ. ನಮ್ಮ ಕಾಲೇಜು ಹುಡುಗರು ಕಟ್ಟಿದ ಗೋಡೆ ನೆಟ್ಟಗೆ ನಿಲ್ಲುತ್ತದೆ ಅನ್ನುವ ಧೈರ್ಯ ನನಗಂತೂ ಇಲ್ಲ! ಮೇಲಾಗಿ ಮೇ ಕೊನೆ ಅಂದರೆ ಅಲ್ಲಿ ನೈರುತ್ಯ ಮುಂಗಾರು ಶುರುವಾಗುವ ಹೊತ್ತು. ಆಗ ಸಡಿಲವಾದ ಗುಡ್ಡದ ಬುಡಕ್ಕೆ ನಮ್ಮ ಮಕ್ಕಳನ್ನು ಕಳಿಸುವುದೇ?

‘ಸಿಸ್ಟರ್, ಮೆಡಿಕಲ್ ಕ್ಯಾಂಪಿಗೆ ನೀವೂ ಬನ್ನಿ’ ಎಂದು ನನ್ನನ್ನೂ ಕರೆದರು. ಶ್ರೀಲಂಕೆಯಲ್ಲಿ ಸರ್ಕಾರಿ ಆಸ್ಪತ್ರೆಯ ಚಿಕಿತ್ಸೆ ಉಚಿತ. ಸೂಲಗಿತ್ತಿ ತರಬೇತಿ ಪಡೆದ ಸರ್ಕಾರಿ ಕಾರ್ಯಕರ್ತೆಯರು ಮನೆಮನೆಗೆ ಹೋಗುತ್ತಾರೆ. ನೆರೆ ಇಳಿದ ಮೇಲೆ ಇಲಿ ಜ್ವರ ಬರುತ್ತದೆಂದು ಅವರಿಗೆ ನಾವು ಹೇಳಿಕೊಡಬೇಕಿಲ್ಲ. ಅವರನ್ನು ಕೇಳದೆ ಮಾತ್ರೆ ಹಂಚಿ ಬರುವುದು ತಪ್ಪು. ಯಾರಿಗೆ ಏನು ಕೊಟ್ಟೆವು ಎಂಬ ದಾಖಲೆಯೂ ಅಲ್ಲಿ ಉಳಿಯುವುದಿಲ್ಲ.

ಪ್ರಾರ್ಥನೆಗೆ ನನ್ನ ಅಡ್ಡಿ ಇಲ್ಲ. ಅಕ್ಕಿ ಚೀಲದ ಜೊತೆ ಸುವಾರ್ತೆಯ ಕರಪತ್ರ ಇಡುವುದಕ್ಕೆ ಮಾತ್ರ ಖಂಡಿತ ಇದೆ. 2004ರ ಸುನಾಮಿಯ ನಂತರ ಹೊರಗಿನ ಕೆಲವು ಗುಂಪುಗಳು ಹೀಗೆ ಮಾಡಿದವೆಂಬ ದೂರು ಅಲ್ಲಿ ಎದ್ದಿತ್ತು. ಬಂದವರು ವಿಮಾನ ಹತ್ತಿದರು, ಅನುಮಾನದ ಕಣ್ಣು ಬಿದ್ದದ್ದು ಅಲ್ಲೇ ಬದುಕಬೇಕಾದ ಸಭೆಗಳ ಮೇಲೆ. ನೆರವನ್ನು ಧರ್ಮದ ಪ್ರಚಾರಕ್ಕೆ ಬಳಸಬಾರದು ಎಂದು ರೆಡ್‌ಕ್ರಾಸ್‌ನ 1994ರ ನೀತಿಸಂಹಿತೆ ಸ್ಪಷ್ಟವಾಗಿಯೇ ಹೇಳಿದೆ.

ಹಾಗಾದರೆ ಏನು ಮಾಡಬೇಕು? ದಕ್ಷಿಣ ಭಾರತ ಸಭೆ (ಸಿಎಸ್‌ಐ) ಎಂಬ ಪ್ರೊಟೆಸ್ಟಂಟ್ ಚರ್ಚಿಗೆ ಉತ್ತರ ಶ್ರೀಲಂಕೆಯ ಜಾಫ್ನಾದಲ್ಲಿ ಒಂದು ಧರ್ಮಪ್ರಾಂತ್ಯವೇ ಇದೆ, ತಮಿಳು ಮಾತಾಡುವ ಜನ. ಅವರ ಮೂಲಕ ಬೆಟ್ಟದ ಸೀಮೆಯ ಸಭೆಗಳನ್ನು ವಿಚಾರಿಸಬಹುದು. ನಮ್ಮಲ್ಲಿ ತಮಿಳು ಓದಿ ಬರೆಯಬಲ್ಲ ಮೂರ್ನಾಲ್ಕು ಜನ ಇದ್ದಾರೆ. ಪರಿಹಾರದ ಅರ್ಜಿ ತುಂಬಲು, ಕಳೆದುಹೋದ ಕಾಗದಪತ್ರ ಮತ್ತೆ ಮಾಡಿಸಲು ಕೈಜೋಡಿಸಿ ಎಂದು ಅಲ್ಲಿಯವರು ಕೇಳಿದರೆ, ಇಪ್ಪತ್ತು ಹುಡುಗರ ಬದಲು ಆ ಮೂರ್ನಾಲ್ಕು ಜನ ಹೋಗಲಿ. ಉಳಿದ ಟಿಕೆಟ್ ದುಡ್ಡು ಅಲ್ಲಿಯೇ ತಗಡು, ಪಾತ್ರೆ, ಮಕ್ಕಳ ಪುಸ್ತಕ ಕೊಳ್ಳಲು ಸಲ್ಲಲಿ. ಹಳೇ ಬಟ್ಟೆ ಮಾತ್ರ ಸುಮ್ನೆ ಹೊತ್ತುಕೊಂಡು ಹೋಗುವುದು ಬೇಡ.

ಕಳೆದ ಭಾನುವಾರದ ವಿಶೇಷ ಕಾಣಿಕೆಯಲ್ಲಿ ನನ್ನ ಪಾಲೂ ಇದೆ. ಆ ಹಕ್ಕಿನಿಂದಲೇ ನಮ್ಮ ಪಾದ್ರಿ ಅಯ್ಯನವರನ್ನೂ ಕಮಿಟಿಯವರನ್ನೂ ಕೇಳಿಕೊಳ್ಳುತ್ತೇನೆ: ಅಲ್ಲಿಂದ ಬರುವ ಉತ್ತರವನ್ನು ಆರಾಧನೆಯ ನಂತರ ಎಲ್ಲರಿಗೂ ಓದಿ ಹೇಳಿ. ಅಲ್ಲಿಯವರೆಗೆ ಟಿಕೆಟ್ ತೆಗೆಯಬೇಡಿ.

— ನಿವೃತ್ತ ನರ್ಸ್, ದಾವಣಗೆರೆ