ಬದುಕಿರುವವರೇ ಎದುರು ನಿಂತಿರುವಾಗ

ಮಾನ್ಯ ಸಂಪಾದಕರೇ,

ಕಳೆದ ನವೆಂಬರಿನಲ್ಲಿ ನೆರೆಮನೆಯ ಹಿರಿಯರೊಬ್ಬರನ್ನು, ಪಿಂಚಣಿಗೆ ಬೇಕಾದ ಜೀವಿತ ಪ್ರಮಾಣ ಪತ್ರಕ್ಕಾಗಿ, ಕಚೇರಿಯೊಂದಕ್ಕೆ ಕರೆದುಕೊಂಡು ಹೋಗಿದ್ದೆ. ಎಂಬತ್ತು ದಾಟಿದ ಅವರ ಬೆರಳಿನ ಗೆರೆಗಳು ಸವೆದಿದ್ದರಿಂದ ನಾಲ್ಕು ಸಲ ಒತ್ತಿದರೂ ಯಂತ್ರ ಅವರನ್ನು ಗುರುತಿಸಲಿಲ್ಲ. ‘ಬೆರಳಚ್ಚು ಬಾರದಿದ್ದರೆ ಆಗುವುದಿಲ್ಲ, ನಿಯಮ ಎಂದರೆ ನಿಯಮ’ ಎಂದು ಸಿಬ್ಬಂದಿ ಹೇಳಿ ಮುಂದಿನವರನ್ನು ಕರೆದರು. ಮನುಷ್ಯ ಬದುಕಿದ್ದಾನೆಯೇ ಎಂದು ತಿಳಿಯಲೆಂದೇ ಮಾಡಿದ ನಿಯಮ, ಎದುರಿಗೆ ನಿಂತು ಮಾತನಾಡುತ್ತಿದ್ದ ಮನುಷ್ಯನನ್ನೇ ಬದುಕಿದ್ದಾನೆಂದು ಒಪ್ಪಲಿಲ್ಲ.

ಮಹಾಭಾರತದ ಕರ್ಣಪರ್ವದಲ್ಲಿ ಅರ್ಜುನನು ಸಿಕ್ಕಿಬೀಳುವುದು ಇಂಥದೇ ಬಿಕ್ಕಟ್ಟಿನಲ್ಲಿ. ಗಾಂಡೀವವನ್ನು ಬೇರೆಯವರಿಗೆ ಕೊಡು ಎಂದವನನ್ನು ಕೊಲ್ಲುವುದಾಗಿ ಅವನು ಪ್ರತಿಜ್ಞೆ ಮಾಡಿರುತ್ತಾನೆ. ಕರ್ಣನಿಂದ ನೊಂದು ಬಿಡಾರಕ್ಕೆ ಮರಳಿದ ಧರ್ಮರಾಯನು ಸಿಟ್ಟಿನಲ್ಲಿ ಆ ಮಾತನ್ನೇ ಆಡುತ್ತಾನೆ. ಪ್ರತಿಜ್ಞೆ ಉಳಿಯಬೇಕಾದರೆ ಅಣ್ಣ ಸಾಯಬೇಕು, ಅಣ್ಣ ಉಳಿಯಬೇಕಾದರೆ ಪ್ರತಿಜ್ಞೆ ಮುರಿಯಬೇಕು. ಕತ್ತಿ ಹಿರಿದವನನ್ನು ತಡೆದ ಕೃಷ್ಣನು ಕೌಶಿಕನೆಂಬ ತಪಸ್ವಿಯ ಕಥೆ ಹೇಳುತ್ತಾನೆ. ಸತ್ಯವನ್ನಲ್ಲದೆ ಬೇರೇನನ್ನೂ ನುಡಿಯೆನೆಂಬ ವ್ರತ ಹಿಡಿದಿದ್ದ ಆ ತಪಸ್ವಿ, ಪ್ರಾಣಭಯದಿಂದ ಓಡಿ ಅಡಗಿದ್ದವರ ಜಾಗವನ್ನು ಬೆನ್ನಟ್ಟಿ ಬಂದ ದಸ್ಯುಗಳಿಗೆ ತೋರಿಸಿಕೊಟ್ಟು, ಅವರ ಸಾವಿಗೆ ಕಾರಣನಾಗಿ ನರಕಕ್ಕೆ ಹೋದನು. ಹಾಗೆಂದು ಕೃಷ್ಣನು ಪ್ರತಿಜ್ಞೆಯನ್ನು ಗಾಳಿಗೆ ತೂರು ಎನ್ನುವುದಿಲ್ಲ. ಹಿರಿಯರನ್ನು ಏಕವಚನದಲ್ಲಿ ಕರೆದು ಅವಮಾನಿಸುವುದು ಅವರನ್ನು ಕೊಂದದ್ದಕ್ಕೆ ಸಮಾನವಾದ್ದರಿಂದ, ಅಷ್ಟನ್ನು ಮಾಡಿ ಮಾತು ಉಳಿಸಿಕೋ ಎನ್ನುತ್ತಾನೆ. ಇದನ್ನು ಬರೀ ಜಾಣತನವೆಂದು ತಳ್ಳಿಹಾಕುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ, ನಿಯಮ ಮಾಡಿದವನ ಉದ್ದೇಶವನ್ನು ಕೇಳುವ ತಾಳ್ಮೆ ಅದರಲ್ಲಿದೆ.

ಇದಕ್ಕೆ ವಿರುದ್ಧ ದಿಕ್ಕಿನ ತಪ್ಪೂ ಅಷ್ಟೇ ಅಪಾಯಕಾರಿ. ‘ಎಲ್ಲ ನಿಯಮಗಳಿಗೂ ಅಪವಾದವಿದೆ’ ಎಂದು ನಾವು ಸಲೀಸಾಗಿ ಹೇಳುತ್ತೇವೆ. ಅದೂ ಒಂದು ನಿಯಮವೇ ಆದ್ದರಿಂದ ಅದಕ್ಕೂ ಅಪವಾದವಿರಬೇಕು, ಅಂದರೆ ಅಪವಾದವಿಲ್ಲದ ನಿಯಮವೂ ಎಲ್ಲೋ ಒಂದಿರಬೇಕು ಎಂದಾಗುತ್ತದೆ. ‘ನಾನು ಹೇಳುವುದೆಲ್ಲ ಸುಳ್ಳು’ ಎಂಬ ವಾಕ್ಯವನ್ನು ಪ್ರಾಚೀನ ಸಂಸ್ಕೃತ ವ್ಯಾಕರಣಕಾರ ಭರ್ತೃಹರಿಯು ತನ್ನ ವಾಕ್ಯಪದೀಯವೆಂಬ ಗ್ರಂಥದಲ್ಲಿ ಎತ್ತಿಕೊಂಡು, ಅದನ್ನು ಆಡುವವನ ವಿವಕ್ಷೆಯಲ್ಲಿ, ಅಂದರೆ ಅವನು ಹೇಳಬೇಕೆಂದುಕೊಂಡದ್ದರಲ್ಲಿ, ಆ ವಾಕ್ಯವೇ ಸೇರಿರುವುದಿಲ್ಲ, ಸೇರಿದ್ದರೆ ಅವನು ಹೇಳಹೊರಟ ಅರ್ಥವೇ ತಿಳಿಯುತ್ತಿರಲಿಲ್ಲ ಎನ್ನುತ್ತಾನೆ. ‘ಎಲ್ಲ’ ಎಂಬ ಮಾತಿಗೆ ಎಲ್ಲೆ ಹಾಕುವುದು ಆಡುವವನ ಉದ್ದೇಶವೇ ಎಂಬುದನ್ನು ನಾನು ಅದರಿಂದ ಕಲಿತಿದ್ದೇನೆ.

ನಮ್ಮ ಸಂವಿಧಾನವನ್ನು ರಚಿಸಿದವರು ಈ ಎಲ್ಲೆಯನ್ನು ಎಚ್ಚರದಿಂದ ಎಳೆದಿದ್ದಾರೆ. 19ನೇ ವಿಧಿಯು ವಾಕ್ ಸ್ವಾತಂತ್ರ್ಯವೂ ಸೇರಿದಂತೆ ಹಲವು ಸ್ವಾತಂತ್ರ್ಯಗಳನ್ನು ಕೊಟ್ಟು, ಅವುಗಳ ಮೇಲೆ ಸಮಂಜಸವಾದ ನಿರ್ಬಂಧಗಳಿಗೂ ಜಾಗ ಬಿಡುತ್ತದೆ. ಅದಕ್ಕಿಂತ ಎರಡೇ ವಿಧಿಗಳ ಹಿಂದೆ, 17ನೇ ವಿಧಿಯು ಅಸ್ಪೃಶ್ಯತೆಯನ್ನು ರದ್ದುಪಡಿಸಿ ಯಾವುದೇ ರೂಪದಲ್ಲಿ ಅದರ ಆಚರಣೆಯನ್ನು ನಿಷೇಧಿಸುವಾಗ ‘ಆದರೆ’ ಎಂಬ ಮಾತೇ ಬರುವುದಿಲ್ಲ. ಅಲ್ಲಿ ಸಣ್ಣ ಸಂದು ಬಿಟ್ಟಿದ್ದರೂ ಅದರೊಳಗೆ ಯಾರು ನುಸುಳುತ್ತಿದ್ದರು ಎಂಬುದು ನಮಗೆಲ್ಲ ಗೊತ್ತು. ಬೆರಳಚ್ಚಿನ ನಿಯಮ ಆ ಜಾತಿಯದಲ್ಲ. ಅದು ಮೋಸ ತಡೆಯುವ ಒಂದು ಸಾಧನ ಮಾತ್ರ.

ಜೀವಿತ ಪ್ರಮಾಣ ಪತ್ರವನ್ನು ಡಿಜಿಟಲ್ ಆಗಿ ಕೊಡುವ ಜೀವನ್ ಪ್ರಮಾಣ್ ವ್ಯವಸ್ಥೆ 2014ರಲ್ಲಿ ಬಂದದ್ದು ವಯಸ್ಸಾದವರ ಓಡಾಟ ತಪ್ಪಿಸಲೆಂದು. ಮುಖ ನೋಡಿ ಗುರುತಿಸುವ ಸೌಲಭ್ಯವನ್ನೂ 2021ರಲ್ಲಿ ಅದಕ್ಕೆ ಸೇರಿಸಲಾಗಿದೆ. ಆದ್ದರಿಂದ ‘ಕಡ್ಡಾಯ’ ಎಂದು ಫಲಕ ಹಾಕುವ ಪ್ರತಿ ಕಚೇರಿಯೂ, ಯಂತ್ರ ಸೋತಾಗ ಯಾರ ಬಳಿ ಹೋಗಬೇಕು, ಅವರಿಗೆ ಯಾವ ಅಧಿಕಾರವಿದೆ ಎಂಬುದನ್ನು ಅದೇ ಫಲಕದಲ್ಲಿ ಬರೆಯಬೇಕೆಂದು ವಿನಂತಿಸುತ್ತೇನೆ. ನಮ್ಮ ಹಿರಿಯರ ಕೆಲಸ ಮೂರು ದಿನಗಳ ನಂತರ ಬೇರೊಂದು ಕಡೆ ಆಯಿತು. ಅಲ್ಲಿನ ಅಧಿಕಾರಿ ಗುರುತಿನ ಚೀಟಿಯನ್ನೂ ಅವರ ಮುಖವನ್ನೂ ನೋಡಿ, ಕುಶಲ ವಿಚಾರಿಸಿ, ಕಾಗದದ ನಮೂನೆಗೆ ಸಹಿ ಹಾಕಿಕೊಟ್ಟರು.

— ಒಬ್ಬ ನಿವೃತ್ತ ಶಿಕ್ಷಕ, ತುಮಕೂರು